ಎತ್ತದ ಭಂಡಾರ

ಇದರಲ್ಲಿ ಕೆಲವು ಸಂಗತಿ ತಪ್ಪಿರಬಹುದು. ಲಾಡ್ಜಿನ ಗೋಡೆ ಹಸಿರು ಎಂದು ನನ್ನ ದಿನಚರಿಯಲ್ಲಿದೆ, ಕಣ್ಣು ಮುಚ್ಚಿದರೆ ನೀಲಿ ಕಾಣುತ್ತದೆ. ಆ ದಿನ ಶುಕ್ರವಾರ ಎಂದು ಬರೆದಿದ್ದೇನೆ. ಆದರೆ ನಮ್ಮ ಚಿಕ್ಕಮ್ಮ, ಕಾಕು, ಶುಕ್ರವಾರ ಒಪ್ಪತ್ತು ಇರುವವಳು, ಅವತ್ತು ಅವಳು ದಾರಿಯಲ್ಲಿ ಬಿಸ್ಕೀಟು ತಿಂದದ್ದು ನನಗೆ ಚೆನ್ನಾಗಿ ನೆನಪಿದೆ. ಆ ಪುಟಗಳನ್ನು ಅಲ್ಲೇ ಕೂತು ಬರೆದದ್ದಲ್ಲ, ಊರಿಗೆ ಬಂದು ಮೂರು ವಾರದ ಮೇಲೆ ಬರೆದದ್ದು. ಅಷ್ಟರಲ್ಲಿ ಮನೆಯವರ ಮಾತು ನನ್ನ ನೆನಪಿನೊಳಗೆ ಎಷ್ಟು ಸೇರಿಕೊಂಡಿತ್ತೋ ಹೇಳಲಾರೆ. ಖಾತ್ರಿ ಇರುವುದನ್ನು ಖಾತ್ರಿ ಎಂದೂ ಇಲ್ಲದ್ದನ್ನು ಇಲ್ಲವೆಂದೂ ಹೇಳುತ್ತ ಹೋಗುತ್ತೇನೆ.

ಹೋದದ್ದು ನೇಪಾಳಕ್ಕೆ, ಮನೆಯ ಬಾಗಿಲಿನಿಂದ ಅಲ್ಲಿಯ ತನಕ ರಸ್ತೆಯ ಮೇಲೆಯೇ. ನಮ್ಮ ಊರು ಮಂಗಸೂಳಿಯ ಹತ್ತಿರದ್ದು, ಮನೆಯದು ದ್ರಾಕ್ಷಿ ತೋಟ. ಒಣದ್ರಾಕ್ಷಿ ಮಾರಿ ಮುಗಿದ ಮೇಲೆ ಒಂದು ಕ್ರೂಸರ್ ಗಾಡಿ ಗೊತ್ತು ಮಾಡಿ ಕಾಶಿ, ನೇಪಾಳ ಮಾಡಿಬರುವುದು ನಮ್ಮ ಕಡೆಯ ತೋಟದವರಿಗೆ ಈಗ ರೂಢಿಯಾಗಿದೆ. ಆಯಿ, ಎಂದರೆ ನನ್ನ ಅಪ್ಪನ ತಾಯಿ, ಮೊಣಕಾಲು ಪೂರ್ತಿ ಕೈಕೊಡುವ ಮೊದಲು ಪಶುಪತಿನಾಥನನ್ನು ನೋಡಬೇಕೆಂದು ಹಟ ಹಿಡಿದಿದ್ದಳು. ಅಪ್ಪ ಹೋದ ಮೇಲೆ ಮನೆಯ ಯಜಮಾನನಾದ ಕಾಕಾ, ಆಯಿಯ ಕಿರಿಯ ಮಗ, ಹೊರಡಿಸಿದ. ಕಾಕಾನ ಹೆಂಡತಿ ಕಾಕು ನಿಪ್ಪಾಣಿಯ ತಂಬಾಕಿನ ವ್ಯಾಪಾರದ ಮನೆಯಿಂದ ಬಂದವಳು. ಚಿಕ್ಕೋಡಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವ ನಾನು ರಜೆ ಇತ್ತೆಂದು ಸೇರಿಕೊಂಡೆ. ಗಾಡಿ ರಾಯಬಾಗದ ಒಬ್ಬ ಡ್ರೈವರನದು. ಆರನೆಯವಳು ಅಕ್ಕ.

ಅಕ್ಕ ನಮ್ಮ ಬಂಧುವಲ್ಲ. ಸಣ್ಣವಳಿದ್ದಾಗಿನಿಂದ ನಾನು ಹಾಗೆ ಕರೆಯುತ್ತಿದ್ದೆ, ಅಷ್ಟೇ. ಅಂಕಲಿಯ ಬೌದ್ಧರ ಮನೆಯಿಂದ ನಮ್ಮೂರಿಗೆ ಮದುವೆಯಾಗಿ ಬಂದವಳು. ಗಂಡ ಇಲ್ಲ, ಮಗಳು ಅಥಣಿಯಲ್ಲಿ ನರ್ಸ್. ಹಂಗಾಮಿನಲ್ಲಿ ನಮ್ಮ ತೋಟದಲ್ಲಿ ದ್ರಾಕ್ಷಿ ಗೊನೆಗಳನ್ನು ಒಂದೊಂದಾಗಿ ಔಷಧಿಯ ಮಗ್ಗಿನಲ್ಲಿ ಅದ್ದುವ ಕೆಲಸ, ಉಳಿದ ದಿನ ಆಯಿಗೆ ಸ್ನಾನ ಮಾಡಿಸುವುದು, ಕಾಲು ತಿಕ್ಕುವುದು, ಭಾಂಡೆ ತೊಳೆಯುವುದು. ಅವಳು ಆಯಿಯ ಮೈ ಮುಟ್ಟಬಹುದಿತ್ತು, ಒಲೆ ಮುಟ್ಟುವಂತಿರಲಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನೇಪಾಳಕ್ಕೆ ಬರುತ್ತೀಯಾ ಎಂದಾಗ ಅವಳು ಹೇಳಿದ್ದು ನನ್ನೆದುರಿಗೇ. "ಪಗಾರ ಬ್ಯಾಡ್ರಿ ಸಾವ್ಕಾರ್ರ. ಲುಂಬಿನಿಗೊಮ್ಮೆ ಕರ್ಕೊಂಡ ಹೋಗ್ರಿ, ಸಾಕು."

"ಅದೇನ ದೊಡ್ಡ ಮಾತು?" ಎಂದ ಕಾಕಾ. "ಗಡಿ ದಾಟಿದ ಕೂಡಲೆ ಐತಿ. ಹೋಗೂಮುಂದರ, ಬರೂಮುಂದರ, ಗಾಡಿ ಹೊಳ್ಳಿಸಿದ್ರ ಆತು."

ಬುದ್ಧ ಹುಟ್ಟಿದ ಜಾಗ ನೋಡಿ ಬಂದವರು ಅವರ ಕೇರಿಯಲ್ಲಿ ಯಾರೂ ಇರಲಿಲ್ಲ. ಅಕ್ಕನ ಚೀಲದಲ್ಲಿ ಒಂದು ಬಿಳಿ ಸೀರೆ, ಮೇಣಬತ್ತಿಯ ಪುಡಿಕೆ, ಒಂದು ಖಾಲಿ ತಗಡಿನ ಡಬ್ಬಿ ಇದ್ದವು. ಲುಂಬಿನಿಯ ಮಣ್ಣು ಅದರಲ್ಲಿ ತುಂಬಿ ತರುತ್ತೇನೆ, ಕೇರಿಯ ವಿಹಾರದಲ್ಲಿ ಇಡೋಣ ಎಂದು ಎಲ್ಲರಿಗೂ ಮಾತು ಕೊಟ್ಟಿದ್ದಳು. ಹೊರಡುವ ದಿನ ಅವರ ಕೇರಿಯ ಹೆಂಗಸರು ಗಾಡಿಯ ತನಕ ಬಂದು ಬೀಳ್ಕೊಟ್ಟರು. ನಮ್ಮವರು ಅದೇ ಹೊತ್ತಿಗೆ ಮಂಗಸೂಳಿ ಮಲ್ಲಯ್ಯನ ಭಂಡಾರದ ಚೀಲವನ್ನು ಗಾಡಿಯ ಮುಂದಿನ ಕನ್ನಡಿಗೆ ಕಟ್ಟುತ್ತಿದ್ದರು. ಭಂಡಾರವೆಂದರೆ ಗುಡಿಯಿಂದ ತಂದ ಅರಿಷಿಣದ ಪುಡಿ. ನಮ್ಮ ಕಡೆಯವರು ದೂರದ ಪ್ರವಾಸಕ್ಕೆ ಅದಿಲ್ಲದೆ ಹೊರಡುವುದಿಲ್ಲ.

ಗಡಿಯಲ್ಲಿ ಮೊದಲು ಮೋಸ ಹೋದವಳು ನಾನು. ಪರದೇಶದೊಳಗೆ ಗಾಡಿ ಒಯ್ಯಲು ಸುಂಕ ಕಟ್ಟಿ, ಇಷ್ಟು ದಿನ ಎಂದು ಚೀಟಿ ಮಾಡಿಸಬೇಕು. ಕೊರಳಲ್ಲಿ ಗುರುತಿನ ಪಟ್ಟಿ ಹಾಕಿಕೊಂಡಿದ್ದ ಒಬ್ಬ ಕಿಟಕಿಯ ಹತ್ತಿರ ಬಂದು, ಸಾಲು ಉದ್ದ ಇದೆ, ನಾನು ಮಾಡಿಸಿಕೊಡುತ್ತೇನೆ ಎಂದ. ನಾನೇ ಪಟ್ಟಿ ಓದಿ, "ಆಫೀಸಿನಾವ ಅದಾನ, ಕೊಡ್ರಿ" ಎಂದೆ. ಕಾಲು ತಾಸಿನಲ್ಲಿ ಶಿಕ್ಕೆ ಹೊಡೆದ ಕಾಗದ ತಂದುಕೊಟ್ಟ. ಮುಂದಿನ ತಪಾಸಣೆ ನಾಕೆಯಲ್ಲಿ ಅದನ್ನು ನೋಡಿದ ಪೊಲೀಸ್ ಇನ್ನೊಬ್ಬನನ್ನು ಕರೆದು ತೋರಿಸಿ ನಕ್ಕ. ಅದು ಯಾವುದೋ ಬಸ್ಸಿನ ಹಳೆಯ ಲಗೇಜು ಚೀಟಿ. ತಿರುಗಿ ಹೋಗಿ ಸಾಲಿನಲ್ಲಿ ನಿಂತು ಮತ್ತೆ ಕಟ್ಟಿದೆವು. ಅರ್ಧ ದಿನ ಹೋಯಿತು. "ಲುಂಬಿನಿ ಬರೂಮುಂದ ನೋಡೂಣು" ಎಂದ ಕಾಕಾ. ಅಕ್ಕ "ಹೂಂನ್ರಿ" ಎಂದಳು.

ಆಮೇಲೆ ಎರಡು ದಿನ ಗಾಡಿಯಲ್ಲಿ ನನ್ನದೇ ತಮಾಷೆ.

"ಪ್ರೊಫೆಸರ್ ಬಾಯಾರ, ಆ ಬೋರ್ಡ ಓದ್ರಿ, ಖರೇನೋ ಸುಳ್ಳೋ?" ಎನ್ನುವನು ಕಾಕಾ.

"ಎಂ.ಎ. ಅಂದ್ರ ಮೋಸ ಅಂತೇನ ತಂಗಿ?" ಇದು ಕಾಕು.

ನಮ್ಮ ಮನೆಯ ರೀತಿಯೇ ಅದು. ಕದ್ದವನ ಸುದ್ದಿ ಒಂದು ದಿನಕ್ಕೆ ಮುಗಿಯುತ್ತದೆ, ಮೋಸ ಹೋದವನನ್ನು ಮೂರು ತಲೆಮಾರು ಬಿಡುವುದಿಲ್ಲ. ಸುಳ್ಳು ಬೀಜ ಕೊಂಡು ತಂದ ಅಜ್ಜನ ತಮ್ಮನನ್ನು ಅವನು ಸತ್ತ ಮೇಲೂ ಬೀಜದ ಮುದುಕ ಎಂದೇ ಕರೆಯುತ್ತೇವೆ.

ಎರಡನೆಯ ಸರದಿ ಕಾಕುವಿನದು. ಪಶುಪತಿನಾಥನ ಗುಡಿಯ ಹೊರಗೆ ಒಬ್ಬ ಮುದುಕಿಯಿಂದ ಸಾಲಿಗ್ರಾಮ ಕೊಂಡಳು. ನಮಗೆ ತೋರಿಸದೆ ಸೆರಗಿನಲ್ಲಿ ಸುತ್ತಿ ತಂದಳು. ರೂಮಿಗೆ ಬಂದು ಅಭಿಷೇಕವೆಂದು ನೀರು ಹಾಕಿದರೆ ಬಟ್ಟಲಿನ ನೀರು ಕಪ್ಪಾಯಿತು. ಉಗುರಿನಿಂದ ಕೆರೆದರೆ ಒಳಗೆ ಸಿಮೆಂಟು.

ಕಾಕಾ ಹಾಸಿಗೆಯ ಮೇಲೆ ಬಿದ್ದು ನಕ್ಕ. "ನಿಪ್ಪಾಣ್ಯಾವ್ರು ನೋಡ್ರಿ. ತಂಬಾಕ ಎಲಿ ಮೂಸಿ ರೇಟ ಹೇಳ್ತಾರ. ಕಲ್ಲ ಮೂಸಾಕ ಬರಲಿಲ್ಲ."

ಆಯಿಯೂ ಬೊಚ್ಚು ಬಾಯಿ ತೆರೆದು ನಕ್ಕಳು. "ಕೊಡವಾ ಇತ್ತ, ಮನಿಗೆ ಒಯ್ದು ಗ್ವಾಡಿಗೆ ಮೆತ್ತೂಣು." ಬಾಗಿಲಿನಲ್ಲಿ ನಿಂತಿದ್ದ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಕಾಕು ಅದನ್ನು ನೋಡಿದಳು. ಅಳು ಬಂದಿದ್ದ ಮುಖ ಗಟ್ಟಿಯಾಯಿತು. "ನೀ ಯಾಕ ನಗತೀಯ? ನಿನಗೇನ ಗೊತ್ತೈತಿ ದೇವರ ಕಲ್ಲು?"

"ನನ್ನ ಟೋಪಿ ಹಾಕಾವ ಇನ್ನ ಹುಟ್ಟಿಲ್ಲ" ಎಂದು ಕಾಕಾ ಆ ದಿನ ಎರಡು ಸಲವೋ ಮೂರು ಸಲವೋ ಹೇಳಿದ.

ತಿರುಗಿ ಬರುವಾಗ ಗಡಿಗೆ ಅರ್ಧ ದಿನದ ದಾರಿಯಿರುವ ಒಂದು ಊರಿನ ಲಾಡ್ಜಿನಲ್ಲಿ ಉಳಿದೆವು. ಮರುದಿನ ಮಧ್ಯಾಹ್ನ ಲುಂಬಿನಿ. ಮುಂಜಾನೆ ನಾನು ಏಳುವ ಮೊದಲೇ ಅಕ್ಕ ಬಿಳಿ ಸೀರೆಯನ್ನು ಚೀಲದಿಂದ ತೆಗೆದು ಮಡಿಕೆ ಹೋಗಲೆಂದು ಕಂಬಿಯ ಮೇಲೆ ಹಾಕಿದ್ದಳು. ಇದು ಖಾತ್ರಿ, ಅದನ್ನು ಆಮೇಲೆ ಕೊಡವಿ ನೋಡಿದವಳು ನಾನೇ.

ಕದ್ದುಹೋದದ್ದು ಆಯಿಯ ಬೋರಮಾಳ, ಬಂಗಾರದ ಗುಂಡಿನ ಸರ. ರಾತ್ರಿ ಕೊರಳು ತುರಿಸುತ್ತದೆಂದು ಆಯಿ ಅದನ್ನು ತೆಗೆದು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಸ್ನಾನದ ಹೊತ್ತಿಗೆ ಅಕ್ಕ ಅದನ್ನು ತೆಗೆದು ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಸ್ನಾನವಾದ ಮೇಲೆ ಬಿಚ್ಚಿ ಆಯಿಯ ಕೊರಳಿಗೆ ಹಾಕುತ್ತಿದ್ದಳು. ಹನ್ನೊಂದು ವರ್ಷ ದಿನವೂ ಹೀಗೇ.

ಆ ಮುಂಜಾನೆಯ ಕ್ರಮ ನನಗೆ ತಿಳಿದ ಮಟ್ಟಿಗೆ ಹೀಗಿದೆ. ಕಾಕು ಬಚ್ಚಲಿಗೆ ಹೋಗಿದ್ದಳು. ಡ್ರೈವರ್ ಗಾಡಿ ತೊಳೆಯುತ್ತಿದ್ದ. ಆಯಿ ಮಲಗಿದ್ದಳು, ಆ ರೂಮಿನಲ್ಲಿ ಮೊದಲು ಕಾಕಾ ಇದ್ದ. ನಾನು ಮಹಡಿಯ ಮೊಗಸಾಲೆಯಲ್ಲಿ ಹಲ್ಲುಜ್ಜುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಕೆಳಗೆ ಗೇಟಿನ ಹತ್ತಿರ ಕಾಕಾ, ಇಸ್ತ್ರಿ ಅಂಗಿಯ ಇಬ್ಬರು ಗಂಡಸರೊಂದಿಗೆ ಹಿಂದಿಯಲ್ಲಿ ಮಾತಾಡುತ್ತಿದ್ದುದನ್ನು ನೋಡಿದೆ ಎಂದು ಈಗ ಅನ್ನಿಸುತ್ತದೆ. ದಿನಚರಿಯಲ್ಲಿ ಆ ಇಬ್ಬರು ಇಲ್ಲ. ಆಮೇಲೆ ತಿಳಿದ ಸಂಗತಿಗೆ ಹೊಂದಲೆಂದು ನಾನೇ ಅವರನ್ನು ಅಲ್ಲಿ ನಿಲ್ಲಿಸಿರಬಹುದು.

ಇನ್ನೊಂದು ಖಾತ್ರಿ ಇದೆ. ಅಂಗಳದ ನಲ್ಲಿಯ ಹತ್ತಿರ ಭಾಂಡೆ ತೊಳೆಯುತ್ತಿದ್ದ ಅಕ್ಕ ನಮ್ಮ ಶೇಂಗಾ ಚಟ್ನಿಯ ಸ್ಟೀಲಿನ ಡಬ್ಬಿ ಎತ್ತಿ ಹಿಡಿದು ಕೇಳಿದಳು. "ಇದರಾಗ ಅರಿಷಿಣಾ ಯಾರ ಕಲಸ್ಯಾರ್ರಿ? ಚಟ್ನಿ ನೋಡಿದ್ರ ಪೇಪರಿನ ಮ್ಯಾಲ ಸುರುವ್ಯಾರ."

ನಾನು ಬಾಯಿ ಮುಕ್ಕಳಿಸಿದೆ. ಅವಳು ಬೂದಿ ಹಾಕಿ ತಿಕ್ಕಿ ತೊಳೆದು ಬೋರಲು ಹಾಕಿದಳು.

ಆಮೇಲೆ ಆಯಿಯನ್ನು ಎಬ್ಬಿಸಲು ಹೋದಳು. ದಿಂಬಿನ ಕೆಳಗೆ ಕೈ ಹಾಕಿ, "ಆಯಿ, ಸರಾ ಎಲ್ಲಿ ಇಟ್ಟೀರಿ?" ಎಂದು ಮೊದಲು ಕೇಳಿದವಳೂ ಅವಳೇ.

ದಿಂಬು, ಗಾದಿ, ಮಂಚದ ಅಡಿ ಎಲ್ಲ ನೋಡಿದೆವು. ಡ್ರೈವರ್ ಮೇಲೆ ಬಂದು, "ಮ್ಯಾನೇಜರ್‌ಗ ಹೇಳೂಣು, ಪೊಲೀಸರಿಗೂ ಹೇಳೂಣು" ಎಂದ.

"ಪರದೇಶ ಇದು" ಎಂದ ಕಾಕಾ. "ಗಾಡಿ ಚೀಟಿ ಇವತ್ತಿಗೆ ಮುಗೀತೈತಿ. ಸ್ಟೇಶನ್ ಮೆಟ್ಟಲಾ ಹತ್ತಿದ್ರ ಗಾಡಿ ಜಪ್ತ ಮಾಡಿ ನಮ್ಮನ್ನ ಕುಂದರಸ್ತಾರ. ಹೊರಗಿನಾವ್ರು ಯಾರೂ ರೂಮಿಗೆ ಬಂದಿಲ್ಲ."

ಹೊರಗಿನವರು ಬಂದಿಲ್ಲ ಎಂದ ಮೇಲೆ ಉಳಿದವರು ಎಷ್ಟು ಜನ? ಕಾಕು ತಿರುಗಿ ಅಕ್ಕನನ್ನು ನೋಡಿದಳು. "ದಿನಾ ಯಾರ ಸೆರಗಿಗೆ ಗಂಟ ಬೀಳತಿತ್ತೋ ಅವರನ್ನ ಕೇಳ್ರಿ."

ಅಕ್ಕನ ಚೀಲವನ್ನು ಕಾಕು ನೆಲಕ್ಕೆ ಸುರಿದಳು. ಮೇಣಬತ್ತಿಗಳನ್ನು ಒಂದೊಂದಾಗಿ ಮುರಿದು ನೋಡಿದಳು. ತಗಡಿನ ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ಅವಳು ಅದನ್ನು ಕಿವಿಯ ಹತ್ತಿರ ಅಲುಗಿಸಿ, ಚಮಚದ ಹಿಡಿಯಿಂದ ಮೀಟಿ ತೆರೆದಳು. ಖಾಲಿ.

"ಖಾಲಿ ಡಬ್ಬಿ ಯಾಕ ತಂದಿ?"

"ಮಣ್ಣಿಗ್ರಿ."

"ಮಣ್ಣಿಗೋ, ಬಂಗಾರಕ್ಕೋ?"

ಆಮೇಲೆ ಕಾಕು ನನಗೆ ಹೇಳಿದಳು, "ಬಚ್ಚಲಿಗೆ ಕರ್ಕೊಂಡ ಹೋಗಿ ಮೈ ನೋಡು. ನೀ ಆದ್ರ ಆಕಿಗೂ ನಾಚಿಕಿ ಆಗಂಗಿಲ್ಲ."

ನಾನು ಕರೆದುಕೊಂಡು ಹೋದೆ. ಆಗುವುದಿಲ್ಲ ಎಂದು ಹೇಳಿದೆನೇ ಎಂದು ಬಹಳ ಸಲ ನೆನಪು ಮಾಡಿಕೊಂಡಿದ್ದೇನೆ. ದಿನಚರಿಯಲ್ಲಿ "ಒಲ್ಲೆನೆಂದರೂ ಕೇಳಲಿಲ್ಲ" ಎಂದು ಬರೆದಿದೆ. ಆ ಸಾಲನ್ನು ನಾನು ನಂಬುವುದಿಲ್ಲ. ಅಕ್ಕ ಬಾಗಿಲ ಚಿಲಕ ತಾನೇ ಹಾಕಿ, ಎರಡೂ ಕೈ ಮೇಲೆತ್ತಿ ನಿಂತಳು. ಸೀರೆಯ ನೆರಿಗೆ ಬಿಡಿಸಿದೆ, ಕುಬಸದ ಅಂಚಿನಲ್ಲಿ ಬೆರಳು ಆಡಿಸಿದೆ, ತುರುಬು ಬಿಚ್ಚಿ ನೋಡಿದೆ. ಸಣ್ಣವಳಿದ್ದಾಗ ನನ್ನ ತಲೆಯಿಂದ ಹೇನು ತೆಗೆದವಳು ಅವಳು. ಬೇಗ ಮುಗಿಸಬಹುದಿತ್ತು. ಹೊರಗೆ ನಿಂತವರು ಸರಿಯಾಗಿ ನೋಡಿಲ್ಲ ಎಂದಾರು ಎಂದು ನಿಧಾನವಾಗಿ ನೋಡಿದೆ.

"ಆತೇನ್ರಿ?" ಎಂದಳು. ಅಲ್ಲಿಯ ತನಕ ನನ್ನನ್ನು ತಂಗೆವ್ವ ಎನ್ನುತ್ತಿದ್ದವಳು.

ಏನೂ ಸಿಗಲಿಲ್ಲ ಎಂದು ನಾನು ಹೊರಗೆ ಬಂದು ಹೇಳಿದಾಗ ಕಾಕಾ ಗಾಡಿಯಿಂದ ಭಂಡಾರದ ಚೀಲ ತರಿಸಿದ. ನಮ್ಮಲ್ಲಿ ಕಳವು, ಬದುವಿನ ಜಗಳ, ಗಂಡಹೆಂಡಿರ ಸಂಶಯ ಎಲ್ಲಕ್ಕೂ ಕೊನೆಯ ಮಾತು ಭಂಡಾರ. ಮಲ್ಲಯ್ಯನ ಭಂಡಾರವನ್ನು ಚಿಟಿಕೆಯಲ್ಲಿ ಎತ್ತಿ, ನಾನು ಮಾಡಿಲ್ಲ ಎಂದು ಹೇಳಿ ಹಣೆಗೆ ಹಚ್ಚಿಕೊಂಡರೆ ಮುಗಿಯಿತು. ಆಮೇಲೆ ಕೇಳಿದವನೇ ತಪ್ಪಿತಸ್ಥ. ಸುಳ್ಳು ಎತ್ತಿದವನ ವಂಶ ಉಳಿಯುವುದಿಲ್ಲ ಎಂದು ಎಲ್ಲರೂ ನಂಬುತ್ತಾರೆ, ಕಲಿತವರೂ. ಹಾಗಾಗಿ ಎತ್ತದವನೇ ಕಳ್ಳ.

ಕಾಕಾ ಚೀಲವನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಬಾಯಿ ಅಗಲಿಸಿ, ಒಬ್ಬೊಬ್ಬರ ಮುಂದೆ ಒಯ್ದ. ಕಾಕು ಎತ್ತಿದಳು. ಡ್ರೈವರ್ ಚಪ್ಪಲಿ ಬಿಟ್ಟು ಎತ್ತಿದ. ನಾನೂ ಎತ್ತಿದೆ. ಆಯಿಯ ಸರವೇ ಹೋದದ್ದು, ಅವಳಿಗೆ ಪ್ರಶ್ನೆಯಿಲ್ಲ. ಅವಳು ಮಂಚದ ಮೇಲೆ ಗೋಡೆಗೆ ಒರಗಿ, ಬರಿಗೊರಳ ಮೇಲೆ ಸೆರಗು ಎಳೆದುಕೊಂಡು ಕೂತಿದ್ದಳು. ಕೊನೆಗೆ ಚೀಲ ಅಕ್ಕನ ಮುಂದೆ ಬಂತು.

"ಎತ್ತಂಗಿಲ್ರಿ" ಎಂದಳು.

"ಯಾಕ? ಕೈ ನಡಗತಾವೇನ?" ಎಂದಳು ಕಾಕು.

"ನಮ್ಮಪ್ಪ ದೀಕ್ಷಾ ತಗೊಂಡಾಗ ಮನ್ಯಾಗಿನ ದೇವರನ್ನೆಲ್ಲಾ ಗಂಟ ಕಟ್ಟಿ ಅಂಕಲಿ ಹೊಳ್ಯಾಗ ಬಿಟ್ಟಾನ್ರಿ. ನಾ ಸಣ್ಣಾಕಿ, ಜೋಡಿ ಹೋಗಿದ್ನಿ. ಭಂಡಾರದ ಚೀಲಾ ನನ್ನ ಕೈಲೇನ ಬಿಡಿಸ್ಯಾನ್ರಿ. ಇನ್ನ ಮುಟ್ಟಂಗಿಲ್ಲ ಅಂತ ಹೇಳಿಸ್ಯಾನ್ರಿ."

"ದೇವರ ಬಿಟ್ಟಾಕಿ" ಎಂದಳು ಕಾಕು. "ಮಂದಿ ಸರಾ ಮಾತ್ರ ಬಿಡಾಕ ಆಗಲಿಲ್ಲ."

"ಪಂಚಶೀಲ ಹೇಳ್ತೀನ್ರಿ. ಕೊಡಲಾರದ್ದ ತಗೊಳ್ಳಂಗಿಲ್ಲ ಅಂತ ಅದರಾಗ ಎರಡನೇದು ಐತಿ. ದಿನಾ ಹೇಳ್ತೀನಿ. ಈಗೂ ಬುದ್ಧನ ಹೆಸರಲೇ ಹೇಳ್ತೀನಿ, ನಾ ತಗೊಂಡಿಲ್ಲ."

"ಅದು ನಮಗ ನಡ್ಯಂಗಿಲ್ಲ" ಎಂದ ಕಾಕಾ. ಅವನು ದನಿ ಏರಿಸಲಿಲ್ಲ. ತೋಟದಲ್ಲಿ ಆಳುಗಳ ರಜೆಯ ಪಗಾರ ಮುರಿಯುವಾಗಿನ ಮೆತ್ತನೆಯ ದನಿ ಅದು. "ನೋಡವಾ. ಎತ್ತಿದಿ ಅಂದ್ರ ಗಾಡಿ ಲುಂಬಿನಿಗೆ ಹೊಳ್ಳತೈತಿ, ನಿಂದೇನೂ ಕೇಳಂಗಿಲ್ಲ. ಎತ್ತಲಿಲ್ಲ ಅಂದ್ರ ಸೀದಾ ಗಡಿ. ಎರಡರಾಗ ಒಂದ ಹೇಳು."

ಅಕ್ಕ ಚೀಲವನ್ನು ಬಹಳ ಹೊತ್ತು ನೋಡಿದಳು. ಎತ್ತುತ್ತಾಳೆ ಎಂದು ನನಗೆ ಅನ್ನಿಸಿತು. ಎತ್ತಲಿ ಎಂದು ನಾನು ಬಯಸಿದೆ, ಅವಳಿಗೆ ಲುಂಬಿನಿ ಸಿಗಲೆಂದಲ್ಲ, ಇದು ಬೇಗ ಮುಗಿಯಲೆಂದು. ಅವಳು ಆಯಿಯ ಕಡೆ ತಿರುಗಿ, "ಆಯಿ, ನೀವರ ಹೇಳ್ರಿ" ಎಂದಳು. ಆಯಿ ಕಿಟಕಿಯ ಕಡೆ ನೋಡುತ್ತಿದ್ದಳು.

"ಒಲ್ಲೆನ್ರಿ" ಎಂದಳು ಅಕ್ಕ. ಕುಕ್ಕರಗಾಲಿನಲ್ಲಿ ಕೂತು ಮುರಿದ ಮೇಣಬತ್ತಿಗಳನ್ನು ಆರಿಸಿ ಚೀಲಕ್ಕೆ ತುಂಬಿಕೊಂಡಳು. ಆಮೇಲೆ ಎದ್ದು ಆಯಿಗೆ ಸ್ನಾನ ಮಾಡಿಸಿದಳು. ನೀರು ಕಾದಿತ್ತು, ಬೇರೆ ಯಾರೂ ಮುಂದಾಗಿರಲಿಲ್ಲ.

ಗಡಿಗೆ ಸ್ವಲ್ಪ ಮೊದಲು ಒಂದು ದೊಡ್ಡ ಊರು ಬರುತ್ತದೆ, ಅಲ್ಲಿ ಬಲಕ್ಕೆ ಲುಂಬಿನಿಯ ರಸ್ತೆ. ಇಪ್ಪತ್ತೆರಡು ಕಿಲೋಮೀಟರೋ ಏನೋ ಬರೆದಿತ್ತು. ಡ್ರೈವರ್ ಗಾಡಿ ನಿಧಾನ ಮಾಡಿದ, ಅವನ ಕೈ ಇಂಡಿಕೇಟರಿನ ಮೇಲಿತ್ತು. ಹೊಳ್ಳಿಸುವುದು ಬೇಡವೆಂದರೆ ಕಾಕಾ ಸೀದಾ ಹೊಡಿ ಎನ್ನಬಹುದಿತ್ತು. "ಇಲ್ಲೇ ನಿಲ್ಸು, ಚಾ ಕುಡ್ಯೂಣು" ಎಂದ. ಬುದ್ಧನ ಚಿತ್ರವಿದ್ದ ಬೋರ್ಡಿನ ಕೆಳಗೇ ಅಂಗಡಿಯಿತ್ತು. ಅರ್ಧ ತಾಸು ಕೂತೆವು. ಕಾಕು ಬಿಸ್ಕೀಟಿನ ಪುಡಿಕೆ ಒಡೆದು ಎಲ್ಲರಿಗೂ ಕೊಟ್ಟಳು, ಅಕ್ಕನಿಗೂ ಎರಡು ಕೊಟ್ಟಳು.

ಅಕ್ಕ ಬಿಸ್ಕೀಟನ್ನು ಬೆಂಚಿನ ಮೇಲಿಟ್ಟು, ತಗಡಿನ ಡಬ್ಬಿ ಹಿಡಿದು ಆ ರಸ್ತೆಯ ಅಂಚಿನಲ್ಲಿ ಹತ್ತು ಹದಿನೈದು ಹೆಜ್ಜೆ ನಡೆದು ನಿಂತಳು. ಪ್ರವಾಸಿಗರ ಬಸ್ಸುಗಳು ಹೊಳ್ಳಿ ಅವಳ ಪಕ್ಕದಿಂದಲೇ ಹೋಗುತ್ತಿದ್ದವು.

"ಏ, ಅಲ್ಲೇನ ಹುಡಕಾಕತ್ತಿ? ಸರಾ ಬಿದ್ದೈತೇನ?" ಎಂದು ಕಾಕು ಕೂಗಿದಳು. ಕಾಕಾ ನಕ್ಕ. ಚಹಾ ಬಾಯಲ್ಲಿದ್ದ ನಾನೂ ನಕ್ಕೆನೋ ಇಲ್ಲವೋ ತಿಳಿಯದು. ನಗಲಿಲ್ಲ ಎಂದು ಪ್ರಮಾಣ ಮಾಡಲಾರೆ.

ಡ್ರೈವರ್ ಅವಳ ಹತ್ತಿರ ಹೋದ. "ತುಂಬ್ಕೊಳ್ರಿ ಇಲ್ಲಿದ. ಮಣ್ಣ ಅಂದ್ರ ಮಣ್ಣ. ಊರಾಗ ಯಾರಿಗಿ ಗೊತ್ತಾಗತೈತಿ?"

"ನನಗ ಗೊತ್ತಾಗತೈತಲ್ರಿ" ಎಂದಳು ಅಕ್ಕ. ಖಾಲಿ ಡಬ್ಬಿಯ ಮುಚ್ಚಳ ಒತ್ತಿ ಹಾಕಿ ಬಂದು ಗಾಡಿಯಲ್ಲಿ ಹಿಂದೆ ಕೂತಳು.

ಊರು ಮುಟ್ಟಲು ಇನ್ನೂ ಮೂರು ದಿನ ಹಿಡಿಯಿತು. ಮೂರೂ ದಿನ ಅವಳೇ ಭಾಂಡೆ ತೊಳೆದಳು, ಆಯಿಗೆ ಸ್ನಾನ ಮಾಡಿಸಿದಳು, ರಾತ್ರಿ ಅವಳ ಕಾಲು ತಿಕ್ಕಿದಳು. ಕಳ್ಳಿ ಎಂದು ಎಲ್ಲರೂ ಒಪ್ಪಿದವಳ ಕೈಗೆ ಆಯಿಯನ್ನು ಕೊಡಲು ಯಾರೂ ಹಿಂಜರಿಯಲಿಲ್ಲ. ಮಿರಜಿನ ಬಸ್ ಸ್ಟ್ಯಾಂಡ್ ಬಂದಾಗ ಕಾಕಾ ಗಾಡಿ ನಿಲ್ಲಿಸಿ, "ಇಲ್ಲಿಂದ ಅಂಕಲಿಗೆ ಬಸ್ಸ ಅದಾವ. ನಮ್ಮೂರಿಗೆ ಬರೂದು ಬ್ಯಾಡ" ಎಂದ. ಅವಳು ಇಳಿದಳು. ಚೀಲವನ್ನು ಕೆಳಗಿಳಿಸಿ ಕೊಟ್ಟವಳು ನಾನು.

ಸುದ್ದಿ ಊರಿಗೆ ನಮಗಿಂತ ಮೊದಲೇ ಫೋನಿನಲ್ಲಿ ಮುಟ್ಟಿತ್ತು. ಮುಂದಿನ ಹಂಗಾಮಿಗೆ ಯಾವ ತೋಟದವರೂ ಅವಳನ್ನು ಕರೆಯಲಿಲ್ಲ. ಸರ ಕದ್ದಳೆಂದು ಯಾರೂ ಹೇಳುತ್ತಿರಲಿಲ್ಲ. ಭಂಡಾರ ಎತ್ತಲಿಲ್ಲ ಎಂದಷ್ಟೇ ಹೇಳುತ್ತಿದ್ದರು.

ಒಂದು ವರ್ಷದ ಮೇಲೆ ಚಿಕ್ಕೋಡಿಯಲ್ಲಿ ನನ್ನ ಬಾಡಿಗೆ ಮನೆಯ ಒಡತಿ ಮೋಸ ಹೋದಳು. ಬೆಳಿಗ್ಗೆ ಇಬ್ಬರು ಬಂದು, ಒಂದು ಪುಡಿಯಿಂದ ತಾಮ್ರದ ತಂಬಿಗೆ ತಿಕ್ಕಿ ಮಿಂಚಿಸಿ ತೋರಿಸಿದರಂತೆ. ಆಮೇಲೆ ಬಂಗಾರ ಕೊಡಿ ಎಂದರು. ಅವಳದೇ ಒಂದು ಡಬ್ಬಿ ಕೇಳಿ, ಬಳೆಗಳನ್ನು ಅರಿಷಿಣದ ನೀರಿನಲ್ಲಿ ಹಾಕಿ ಮುಚ್ಚಳ ಬಿಗಿದು, ಕಾಲು ತಾಸು ತೆರೆಯಬೇಡಿ, ತೆರೆದರೆ ಬಣ್ಣ ಕೆಡುತ್ತದೆ ಎಂದು ಹೇಳಿ ಹೋದರು. ತೆರೆದಾಗ ಡಬ್ಬಿಯಲ್ಲಿ ಅರಿಷಿಣದ ನೀರು ಮಾತ್ರ. ಅವಳು ಹಳದಿ ಬೆರಳುಗಳನ್ನು ನನ್ನ ಮುಂದೆ ಚಾಚಿ ಅಳುತ್ತಿದ್ದಳು. ನಾನು ಬೆರಳುಗಳನ್ನೇ ನೋಡುತ್ತಿದ್ದೆ.

ಆ ವಾರ ಊರಿಗೆ ಹೋದಾಗ ಊಟದ ಹೊತ್ತಿಗೆ ಬೇಕೆಂದೇ ಈ ಸುದ್ದಿ ತೆಗೆದೆ. ಕಾಕು ಹೊಟ್ಟೆ ಹಿಡಿದುಕೊಂಡು ನಕ್ಕಳು. "ತನ್ನ ಡಬ್ಬಿ ತಾನ ಕೊಟ್ಳೇನ? ಎಂಥಾ ಶ್ಯಾಣ್ಯಾಕಿ ಇರಬೇಕ ಅಕಿ. ಅರಿಷಿಣ ನೀರ ಹಿಡ್ಕೊಂಡ..." ಅಲ್ಲಿಗೆ ಅವಳ ಮಾತು ನಿಂತಿತು. ಅವಳು ಕಾಕಾನ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ. ಕಾಕಾ ತಾಟಿನಲ್ಲಿ ಕೈ ತೊಳೆದು ಎದ್ದ. ಅರ್ಧ ರೊಟ್ಟಿ ಹಾಗೇ ಉಳಿದಿತ್ತು. "ನಿನಗ ಇನ್ನೊಂದ ರೊಟ್ಟಿ ಹಾಕಲೇನ?" ಎಂದು ಕಾಕು ನನ್ನನ್ನು ಕೇಳಿದಳು.

ಈಗ ನನಗಿರುವ ತೊಡಕು ಇದು. ಆ ಮುಂಜಾನೆ ಕಾಕಾನ ಬೆರಳುಗಳು ಹಳದಿಯಾಗಿದ್ದವು, ಅದು ದಿನಚರಿಯಲ್ಲೂ ಇದೆ. ಆದರೆ ಭಂಡಾರದ ಚೀಲದ ಬಾಯಿ ಅಗಲಿಸಿದ್ದೂ ಅವನೇ. ಹಳದಿ ಬೆರಳನ್ನು ನಾನು ನೋಡಿದ್ದು ಚೀಲ ತರಿಸುವ ಮೊದಲೋ ಆಮೇಲೋ? ಮೊದಲು ನೋಡಿದ್ದರೆ, ಅಕ್ಕ ಡಬ್ಬಿ ಎತ್ತಿ ಹಿಡಿದು ಕೇಳಿದ ಮಾತನ್ನೂ ಕೇಳಿಸಿಕೊಂಡಿದ್ದ ನಾನು, ಬಾಯಿ ತೆರೆಯಲಿಲ್ಲವೆಂದಾಯಿತು. ಆಮೇಲೆ ಎಂದಾದರೆ ನಾನು ಸ್ವಲ್ಪ ಪಾರಾಗುತ್ತೇನೆ. ಅದಕ್ಕೇ ಆಮೇಲೆ ಎನ್ನುವ ನೆನಪನ್ನು ನಾನು ನಂಬುವುದಿಲ್ಲ.

ಅನುಮಾನವೇ ಇಲ್ಲದ್ದು ಒಂದಿದೆ. ಆ ದಿನ ಎಲ್ಲರ ಮುಂದೆ ಭಂಡಾರ ಹಿಡಿದವನು ಕಾಕಾ. ಹಿಡಿದವನನ್ನು ಎತ್ತು ಎಂದು ಯಾರೂ ಹೇಳಲಿಲ್ಲ. ಅವನು ಎತ್ತಲೇ ಇಲ್ಲ. ಗಾಡಿಯ ಚೀಟಿಯನ್ನೂ ಹುಡುಕಿ ತೆಗೆದು ನೋಡಿದೆ. ಅದು ಮುಗಿಯಲು ಇನ್ನೂ ಒಂದು ದಿನ ಇತ್ತು.

ಕಾಕಾನನ್ನೇ ಕೇಳಿದೆ. "ಕಾಲೇಜಿನಾಗ ಇದನ್ನ ಕಲಸ್ತೀಯೇನ ನೀ? ಮನಿ ಮರ್ಯಾದಿ ಕೆದರೂದು?" ಎಂದ. ಅವನ ಮಟ್ಟಿಗೆ ಅದೇ ಉತ್ತರ.

ಅಂಕಲಿಗೆ ಹೋದೆ. ಅಕ್ಕ ತಮ್ಮನ ಮನೆಯಲ್ಲಿದ್ದಳು, ಬೆನ್ನಿಗೆ ಗೋಣಿ ಚೀಲ ಕಟ್ಟಿಕೊಂಡು ಕಬ್ಬಿನ ಒಣ ಎಲೆಯ ರವದಿ ಹೊರಲು ಹೊರಟಿದ್ದಳು. ಕೂಡ್ರಿ ಎಂದಳು, ಚಹಾ ಮಾಡಲಿಲ್ಲ. ಸರ ಮಿಂಚಿಸಲು ಕೊಟ್ಟು ಮೋಸ ಹೋದ ಕಾಕಾ ಅದನ್ನು ಮುಚ್ಚಲು ಅವಳ ಮೇಲೆ ಹಾಕಿರಬೇಕು ಎಂದು ನಾನು ತಿಳಿದದ್ದನ್ನೆಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. "ಡಬ್ಬಿ ನಾನ ತೊಳದೇನಲ್ರಿ ಬಾಯಾರ" ಎಂದಳು. ಗೋಡೆಯ ಗೂಡಿನಲ್ಲಿ ಬುದ್ಧನ ಪಟದ ಮುಂದೆ ಆ ತಗಡಿನ ಡಬ್ಬಿ ಇತ್ತು. ರಜೆಯಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ, ರೈಲಿನಲ್ಲಿ, ನಾವಿಬ್ಬರೇ, ಸೀದಾ ಲುಂಬಿನಿಗೆ ಎಂದೆ.

"ನಿಮ್ಮ ಜೋಡಿ ಬರಂಗಿಲ್ರಿ" ಎಂದಳು.

"ಅಕ್ಕಾ, ನನ್ನ ಜೋಡಿ ಅಲ್ಲ ಅಂದ್ರ ಮಗಳ ಜೋಡಿ ಹೋಗು. ಖರ್ಚ ನಂದು."

"ಅಲ್ಲಿ ಮಣ್ಣ ಮುಟ್ಟಿದ್ರ ನಿಮ್ಮ ಬಚ್ಚಲಾ ನೆನಪಾಗತೈತ್ರಿ" ಎಂದಳು. "ಹಾಳ ಮಾಡಿಬಿಟ್ರಿ ನೀವು ಅದನ್ನ." ಹಗ್ಗ, ಕುಡುಗೋಲು ತೆಗೆದುಕೊಂಡು ಹೊರಟಳು. ಅವಳು ಕಣ್ಣಿಗೆ ಮರೆಯಾಗುವ ತನಕ ಅಂಗಳದಲ್ಲಿ ನಿಂತಿದ್ದೆ. ಅವಳ ತಮ್ಮನ ಹೆಂಡತಿ ಬಾಗಿಲು ಮುಂದೆ ಮಾಡಿದಳು.

ಆಯಿಗೆ ಈಗ ಭಾನುವಾರ ಸ್ನಾನ ಮಾಡಿಸುವವಳು ನಾನು. ಅಕ್ಕನ ಜಾಗಕ್ಕೆ ಬಂದ ಯಾರೂ ಎರಡು ತಿಂಗಳ ಮೇಲೆ ನಿಲ್ಲಲಿಲ್ಲ, ಆಯಿಯ ಮೈ ಭಾರ. ಆಯಿಯ ಕಿವಿ ಇನ್ನೂ ಚುರುಕು. ಹಲ್ಲಿ ಲೊಚಗುಟ್ಟಿದರೂ ಎಚ್ಚರವಾಗುವ ನಿದ್ದೆ ಅವಳದು. ಅವಳ ತಲೆಯ ಕೆಳಗಿನ ದಿಂಬಿನಡಿ ಕೈ ಹಾಕಿ ಒಂದು ಸರ ತೆಗೆಯುವುದು ಅವಳಿಗೆ ಗೊತ್ತಾಗದಂತೆ ಸಾಧ್ಯವಿಲ್ಲ ಎಂದು ಅವಳ ಜೊತೆ ಒಂದು ರಾತ್ರಿ ಮಲಗಿದ ಯಾರಾದರೂ ಹೇಳಿಯಾರು. ಆ ಸರಕ್ಕಾಗಿ ಅವಳು ಅತ್ತದ್ದನ್ನು ನಾನು ನೋಡಿಲ್ಲ.

ಎರಡು ತಿಂಗಳ ಹಿಂದೆ, ಬೆನ್ನಿಗೆ ನೀರು ಹಾಕುತ್ತ ಕೇಳಿದೆ. ಅವಳು ಕಣ್ಣು ಮುಚ್ಚಿ, "ನೀರ ಆರಾಕತ್ತಾವ, ಹಾಕು" ಎಂದಳು. ಮುಂದಿನ ಭಾನುವಾರ ಮತ್ತೆ ಕೇಳಿದೆ, ಅದರ ಮುಂದಿನ ಭಾನುವಾರವೂ. ನಾನು ಮಾತು ಬದಲಿಸಲಿಲ್ಲ, ಪ್ರತಿ ಸಲ ಅದೇ ಪ್ರಶ್ನೆ. "ಆಯಿ, ಅವತ್ತ ಕಾಕಾ ನಿನ್ನ ದಿಂಬಿನ ಬುಡಕ ಕೈ ಹಾಕಿದಾಗ ನೀ ಎಚ್ಚರ ಇದ್ದೆಲ್ಲ, ಅಕ್ಕ ನಿನ್ನ ಕಡೆ ಹೊಳ್ಳಿ 'ನೀವರ ಹೇಳ್ರಿ' ಅಂದಾಗ ಯಾಕ ಕಿಡಕಿ ಕಡೆ ನೋಡಿದಿ?"